ಅಡುಗೆಮನೆಯ ಆಲ್ಕೇನ್‌ಗಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳು ಹಾಗೂ ಪಾಲಕರಿಗಾಗಿ ಏರ್ಪಡಿಸಿದ್ದ ವಿಜ್ಞಾನ ಉಪನ್ಯಾಸದ ಬರಹರೂಪ)



ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಶಾಲೆಯ ಹಿರಿಮೆಯನ್ನು ಹೇಳುವವರು ಬಹಳ ಮಂದಿ ಇದ್ದಾರೆ. ನನ್ನ ಪಾಲಿಗೆ ಬಂದದ್ದು ಒಂದು ಪಾಠ. ಹತ್ತನೇ ತರಗತಿಯ ವಿಜ್ಞಾನದಲ್ಲಿ 'ಕಾರ್ಬನ್ ಮತ್ತು ಅದರ ಸಂಯುಕ್ತಗಳು' ಎಂಬ ಅಧ್ಯಾಯವಿದೆ. ಅದರಲ್ಲಿ ಆಲ್ಕೇನ್ ಎಂಬ ಮಾತು ಬರುತ್ತದೆ. ಮಕ್ಕಳು ಸೂತ್ರ ಬಾಯಿಪಾಠ ಮಾಡಿ, ಎರಡು ಅಂಕ ಪಡೆದು, ಪುಸ್ತಕ ಮುಚ್ಚುತ್ತಾರೆ. ಆದರೆ ಹಿಂದೆ ಕುಳಿತಿರುವ ನಿಮ್ಮ ತಾಯಂದಿರು ದಿನಕ್ಕೆ ಎರಡು ಮೂರು ಸಲ ಈ ಆಲ್ಕೇನ್‌ಗಳಿಗೆ ಬೆಂಕಿ ಹಚ್ಚುತ್ತಾರೆ. ಪಾಠ ಒಬ್ಬರ ಕೈಯಲ್ಲಿ, ಬೆಂಕಿಕಡ್ಡಿ ಇನ್ನೊಬ್ಬರ ಕೈಯಲ್ಲಿ. ಈ ಎರಡನ್ನೂ ಒಂದೇ ಕಡೆ ತರಬೇಕೆಂಬುದು ನನ್ನ ಇಂದಿನ ಆಸೆ.

ನಾನು ಹೇಳುವುದನ್ನು ಒಂದೇ ಮಾತಿನಲ್ಲಿ ನೆನಪಿಡಬಹುದು. ಉರುವಲಿನ ಅಣುವಿನಲ್ಲಿ ಇಂಗಾಲ ಎಷ್ಟಿದೆ, ಅದಕ್ಕೆ ಗಾಳಿ ಎಷ್ಟು ಸಿಕ್ಕಿತು, ಈ ಎರಡು ಲೆಕ್ಕ ತಿಳಿದವರಿಗೆ ಒಲೆಯ ಗುಣವೂ ಗೊತ್ತಾಗುತ್ತದೆ, ಅಪಾಯವೂ ಗೊತ್ತಾಗುತ್ತದೆ.

ಮೊದಲು ಮನೆತನದ ಪರಿಚಯ. ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳಿವೆ ಎಂದುಕೊಳ್ಳಿ. ಜಲಜನಕಕ್ಕೆ ಒಂದೇ ಕೈ. ಒಂದು ಇಂಗಾಲ ತನ್ನ ನಾಲ್ಕೂ ಕೈಗಳಿಂದ ನಾಲ್ಕು ಜಲಜನಕಗಳನ್ನು ಹಿಡಿದರೆ ಅದು ಮೀಥೇನ್. ಎರಡು ಇಂಗಾಲಗಳು ಒಂದರ ಕೈಯನ್ನೊಂದು ಹಿಡಿದು, ಉಳಿದ ಆರು ಕೈಗಳಿಗೆ ಜಲಜನಕ ಹಿಡಿದರೆ ಈಥೇನ್. ಮೂರಾದರೆ ಪ್ರೊಪೇನ್, ನಾಲ್ಕಾದರೆ ಬ್ಯೂಟೇನ್, ಐದಾದರೆ ಪೆಂಟೇನ್. ಇಂಗಾಲದ ಸಂಖ್ಯೆಯನ್ನು ದುಪ್ಪಟ್ಟು ಮಾಡಿ ಎರಡು ಕೂಡಿಸಿದರೆ ಜಲಜನಕದ ಸಂಖ್ಯೆ ಸಿಗುತ್ತದೆ. ಎಂಟು ಇಂಗಾಲದ ಆಕ್ಟೇನ್‌ಗೆ ಹದಿನೆಂಟು ಜಲಜನಕ. ಈ ಸಾಲನ್ನೇ ಪುಸ್ತಕದಲ್ಲಿ ಅನುರೂಪ ಶ್ರೇಣಿ ಎನ್ನುತ್ತಾರೆ.

ಇಲ್ಲಿ ಯಾವ ಕೈಯೂ ಖಾಲಿ ಇಲ್ಲ. ಅದಕ್ಕೇ ಇವು ಪರ್ಯಾಪ್ತ ಹೈಡ್ರೋಕಾರ್ಬನ್‌ಗಳು. ಕೈ ಖಾಲಿ ಇಲ್ಲದವರು ಹೊಸಬರ ಗೊಡವೆಗೆ ಹೋಗುವುದಿಲ್ಲ. ಆಮ್ಲ ಹಾಕಿ, ಕ್ಷಾರ ಹಾಕಿ, ಸಾಧಾರಣವಾಗಿ ಆಲ್ಕೇನ್ ಮಿಸುಕುವುದಿಲ್ಲ. ಹಿಂದೆ ಇವಕ್ಕೆ ಪ್ಯಾರಾಫಿನ್ ಎಂಬ ಹೆಸರಿತ್ತು. ಅದು 'ಕಡಿಮೆ ನಂಟು' ಎಂಬ ಅರ್ಥದ ಲ್ಯಾಟಿನ್ ಮಾತುಗಳಿಂದ ಬಂದದ್ದು. ಒಂದೆರಡು ಜಲಜನಕ ಕಡಿಮೆಯಾದರೆ ಸ್ವಭಾವ ಎಷ್ಟು ಬದಲಾಗುತ್ತದೆ ಎಂಬುದನ್ನು ನೋಡಬೇಕಾದರೆ ನಮ್ಮ ಕಮಲಾಪುರದ ಕೆಂಪು ಬಾಳೆಯ ಕಡೆ ನೋಡಿ. ಈಥೇನ್‌ನಲ್ಲಿ ಎರಡು ಜಲಜನಕ ಕಡಿಮೆಯಾದರೆ ಎಥಿಲೀನ್. ಬಾಳೆಕಾಯಿ ಮಾಗುವಾಗ ತಾನೇ ಹೊರಬಿಡುವ ಅನಿಲ ಇದು. ಒಂದು ಹಣ್ಣಾದರೆ ಪಕ್ಕದ ಕಾಯಿಯೂ ಹಣ್ಣಾಗುವುದು ಇದರಿಂದಲೇ. ಇನ್ನೂ ಎರಡು ಕಡಿಮೆಯಾದರೆ ಅಸಿಟಿಲೀನ್. ಕಾರ್ಬೈಡ್ ಪುಡಿಗೆ ತೇವ ತಗುಲಿದಾಗ ಬರುವುದು ಅದೇ. ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದು ಆರೋಗ್ಯಕ್ಕೆ ಕೇಡು, ಕಾನೂನಿನ ಪ್ರಕಾರ ನಿಷೇಧ. ಆದರೆ ಈಥೇನ್ ಬಾಳೆಯ ಗೊನೆಗೆ ಏನೂ ಮಾಡುವುದಿಲ್ಲ. ಅದು ತನ್ನ ಪಾಡಿಗೆ ತಾನು ಇರುತ್ತದೆ.

ಇಂಥ ಸಾಧು ಮನೆತನ ಒಂದೇ ಒಂದು ಕಡೆ ಉಗ್ರವಾಗುತ್ತದೆ: ಗಾಳಿಯ ಜೊತೆ ಸೇರಿ ಕಿಡಿ ಕಂಡಾಗ. ಅದಕ್ಕೇ ಇವು ಉರುವಲು. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಸುಮ್ಮನಿರುತ್ತವೆ, ಕಡ್ಡಿ ಗೀರಿದರೆ ಕೆಲಸಕ್ಕೆ ಬರುತ್ತವೆ.

ಈಗ ಸರಪಳಿಯ ಉದ್ದದ ವಿಷಯ. ಇಂಗಾಲದ ಸರಪಳಿ ಉದ್ದವಾದಂತೆ ಅಣುಗಳು ಒಂದಕ್ಕೊಂದು ಹೆಚ್ಚು ಅಂಟಿಕೊಳ್ಳುತ್ತವೆ, ಕುದಿಬಿಂದು ಏರುತ್ತದೆ. ಮೀಥೇನ್ ಕುದಿಯುವುದು ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಗೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಬ್ಯೂಟೇನ್ ಸರಿಸುಮಾರು ಸೊನ್ನೆಯಲ್ಲಿ. ಪೆಂಟೇನ್ 36 ಡಿಗ್ರಿಯಲ್ಲಿ, ಹೆಕ್ಸೇನ್ 69ರಲ್ಲಿ, ಆಕ್ಟೇನ್ 126ರಲ್ಲಿ. ಪೆಂಟೇನ್‌ನ ಅಂಕಿಯನ್ನು ಕಲಬುರಗಿಯ ಮಕ್ಕಳು ಮರೆಯಬಾರದು. ಮೇ ತಿಂಗಳಲ್ಲಿ ನಮ್ಮ ಊರಿನ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಆ ಹೊತ್ತಿಗೆ ಒಂದು ಬಟ್ಟಲು ಪೆಂಟೇನ್ ಹೊರಗಿಟ್ಟರೆ, ಒಲೆ ಬೇಡ, ಬೆಂಕಿ ಬೇಡ, ಅದು ತಾನಾಗಿ ಕುದಿದು ಹೋಗುತ್ತದೆ. ಪೆಟ್ರೋಲ್‌ನಲ್ಲಿ ಇಂಥ ಹಗುರ ಅಂಶಗಳೂ ಇರುತ್ತವೆ. ಬೇಸಿಗೆಯಲ್ಲಿ ಪೆಟ್ರೋಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಮನೆಯೊಳಗೆ ಇಡಬೇಡಿ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಕಚ್ಚಾ ತೈಲವನ್ನು ಶುದ್ಧೀಕರಿಸುವುದೂ ಈ ಕುದಿಬಿಂದುವಿನ ಏಣಿಯಿಂದಲೇ. ನಮ್ಮ ರಾಜ್ಯದಲ್ಲಿ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರವಿದೆ. ಅಲ್ಲಿ ತೈಲವನ್ನು ಕಾಯಿಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ಹಗುರ ಅಣುಗಳು ಮೇಲೆ ಹೋಗುತ್ತವೆ, ಭಾರದವು ಕೆಳಗೆ ಉಳಿಯುತ್ತವೆ. ಇದಕ್ಕೆ ಆಂಶಿಕ ಆಸವನ ಎಂದು ಹೆಸರು. ಮೂರು ನಾಲ್ಕು ಇಂಗಾಲದವು ನಮ್ಮ ಸಿಲಿಂಡರಿಗೆ. ಐದರಿಂದ ಹನ್ನೆರಡರ ಆಸುಪಾಸಿನವು ಮೋಟರ್ ಸೈಕಲ್ಲಿನ ಪೆಟ್ರೋಲಿಗೆ. ಹತ್ತರಿಂದ ಹದಿನಾರರವರೆಗಿನವು ಚಿಮಣಿ ಎಣ್ಣೆಗೆ. ಅದಕ್ಕಿಂತ ತುಸು ಉದ್ದದವು ಟ್ರ್ಯಾಕ್ಟರಿನ ಡೀಸೆಲಿಗೆ. ಇಪ್ಪತ್ತು ದಾಟಿದರೆ ಮೇಣ, ಕರೆಂಟು ಹೋದಾಗ ಹಚ್ಚುವ ಮೇಣದ ಬತ್ತಿ. ಈ ಇಂಧನಗಳಲ್ಲಿ ಆಲ್ಕೇನ್‌ಗಳ ಜೊತೆ ಬೇರೆ ಹೈಡ್ರೋಕಾರ್ಬನ್‌ಗಳೂ ಬೆರೆತಿರುತ್ತವೆ, ಆದರೆ ಮನೆತನದ ಯಜಮಾನಿಕೆ ಆಲ್ಕೇನ್‌ಗಳದೇ.

ಸಿಲಿಂಡರಿನ ಒಳಗೆ ಏನಿದೆ ಎಂದು ಕೇಳಿದರೆ ಎಲ್ಲರೂ 'ಗ್ಯಾಸು' ಎನ್ನುತ್ತಾರೆ. ಅಲ್ಲಾಡಿಸಿದರೆ ಒಳಗೆ ನೀರಿನಂತೆ ಸಪ್ಪಳವಾಗುತ್ತದೆ. ಅದು ದ್ರವ. ಪ್ರೊಪೇನ್ ಮತ್ತು ಬ್ಯೂಟೇನ್‌ಗಳನ್ನು ಒತ್ತಿದರೆ ನಮ್ಮ ಬೇಸಿಗೆಯ ಬಿಸಿಯಲ್ಲಿಯೂ ದ್ರವವಾಗುತ್ತವೆ. ಪಾನ್ ಅಂಗಡಿಯಲ್ಲಿ ತೂಗುಹಾಕಿರುವ ಪಾರದರ್ಶಕ ಲೈಟರಿನಲ್ಲಿ ಕಾಣುವ ದ್ರವವೂ ಬ್ಯೂಟೇನೇ. ಮೀಥೇನ್ ಹಾಗಲ್ಲ. ಸೊನ್ನೆಗಿಂತ 82 ಡಿಗ್ರಿ ಕೆಳಗೆ ಇಳಿಸದ ಹೊರತು ಎಷ್ಟು ಒತ್ತಿದರೂ ಅದು ದ್ರವವಾಗದು. ಅದಕ್ಕೇ ಮೀಥೇನ್‌ನಿಂದಾದ ಸಿಎನ್‌ಜಿಯನ್ನು ಅನಿಲವಾಗಿಯೇ, ಗಾಳಿಯ ಒತ್ತಡದ 200 ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ, ಗಟ್ಟಿಮುಟ್ಟಾದ ತೊಟ್ಟಿಯಲ್ಲಿ ತುಂಬುತ್ತಾರೆ. ದಾಭೋಳ್‌ನಿಂದ ಬೆಂಗಳೂರಿಗೆ, ಕೊಚ್ಚಿಯಿಂದ ಮಂಗಳೂರಿಗೆ ನೂರಾರು ಕಿಲೋಮೀಟರ್ ಕೊಳವೆ ಹಾಕಿದ್ದೂ ಈ ಮೀಥೇನ್ ಸಾಗಿಸಲಿಕ್ಕೆ. ಎಲ್‌ಪಿಜಿ ಮಾತ್ರ ದ್ರವವಾಗಿ ಹೆಗಲ ಮೇಲೆ ಮನೆಮನೆಗೆ ಬಂತು. ಕಾರಣ ಎರಡು ಮೂರು ಇಂಗಾಲಗಳ ವ್ಯತ್ಯಾಸ, ಅಷ್ಟೇ.

ಸಿಲಿಂಡರಿನಲ್ಲಿ ಕೆಳಗೆ ದ್ರವ, ಮೇಲೆ ಅನಿಲ. ಬಿಸಿಲಿಗೆ ದ್ರವ ಹಿಗ್ಗುತ್ತದೆಂದು ತುಂಬುವವರು ಪೂರ್ತಿ ತುಂಬದೆ ಮೇಲೆ ಜಾಗ ಬಿಟ್ಟಿರುತ್ತಾರೆ. ಒಲೆಗೆ ಬರಬೇಕಾದದ್ದು ಮೇಲಿನ ಅನಿಲ. ಗ್ಯಾಸು ಮುಗಿಯಲು ಬಂದಾಗ ಕೆಲವರು ಸಿಲಿಂಡರನ್ನು ಅಡ್ಡ ಮಲಗಿಸುತ್ತಾರೆ, ತಲೆಕೆಳಗು ಮಾಡುತ್ತಾರೆ. ತಾಯಂದಿರೇ, ದಯವಿಟ್ಟು ಇದನ್ನು ಮಾಡಬೇಡಿ. ಅಡ್ಡ ಮಲಗಿದ ಸಿಲಿಂಡರಿನಿಂದ ದ್ರವವೇ ಕೊಳವೆಗೆ ನುಗ್ಗಬಹುದು. ಒಂದು ಪಾಲು ದ್ರವ ಹೊರಬಂದರೆ ಸುಮಾರು 250 ಪಾಲು ಅನಿಲವಾಗುತ್ತದೆ. ಒಲೆಯಲ್ಲಿ ಉರಿ ಎತ್ತರಕ್ಕೆ ಹಾರುತ್ತದೆ. ಗ್ಯಾಸು ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ಸಿಲಿಂಡರಿಗೆ ಒದ್ದೆ ಬಟ್ಟೆ ಒರೆಸಿ ನೋಡಿ. ದ್ರವ ಇರುವ ಭಾಗ ತಡವಾಗಿ ಒಣಗುತ್ತದೆ, ಅಲ್ಲಿಯೇ ಗೆರೆ ಕಾಣುತ್ತದೆ.

ಈಗ ಗಾಳಿಯ ಲೆಕ್ಕ. ಮಕ್ಕಳೇ, ಸಮೀಕರಣ ಬರೆದುಕೊಳ್ಳಿ. ಒಂದು ಅಣು ಪ್ರೊಪೇನ್‌ಗೆ ಐದು ಅಣು ಆಮ್ಲಜನಕ ಬೇಕು. ಮೂರು ಅಣು ಇಂಗಾಲದ ಡೈಆಕ್ಸೈಡ್, ನಾಲ್ಕು ಅಣು ನೀರು ಬರುತ್ತದೆ. ಇದನ್ನು ತೂಕಕ್ಕೆ ಇಳಿಸಿ. 44 ಗ್ರಾಂ ಪ್ರೊಪೇನ್‌ಗೆ 160 ಗ್ರಾಂ ಆಮ್ಲಜನಕ. ನಮ್ಮ ಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸು ಇರುತ್ತದೆ. ಅದು ಪೂರ್ತಿ ಉರಿಯಬೇಕಾದರೆ ಸುಮಾರು 51 ಕಿಲೋ ಆಮ್ಲಜನಕ ಬೇಕು. ಗಾಳಿಯಲ್ಲಿ ಆಮ್ಲಜನಕ ತೂಕದಲ್ಲಿ ಕಾಲು ಭಾಗಕ್ಕಿಂತಲೂ ಕಡಿಮೆ, ಆದ್ದರಿಂದ ಗಾಳಿ ಸುಮಾರು 220 ಕಿಲೋ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಅಡುಗೆಮನೆ ಎಂದುಕೊಂಡರೆ, ಅಂಥ ಆರೇಳು ಅಡುಗೆಮನೆಗಳ ತುಂಬ ಇರುವ ಗಾಳಿ. ಗ್ಯಾಸಿಗೆ ನಾವು ರೊಕ್ಕ ಕೊಡುತ್ತೇವೆ, ಗಾಳಿಗೆ ಕೊಡುವುದಿಲ್ಲ. ಅದಕ್ಕೇ ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಲೆ ತಿನ್ನುವುದರಲ್ಲಿ ಹದಿನೈದು ಪಾಲು ಗಾಳಿ, ಒಂದು ಪಾಲು ಗ್ಯಾಸು. ಅಡುಗೆಮನೆಗೆ ಕಿಟಕಿ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಗಾಳಿ ಸಾಕಷ್ಟು ಸಿಕ್ಕರೆ ಉರಿ ನೀಲಿ. ಸಾಲದಿದ್ದರೆ ಇಂಗಾಲದ ಕಣಗಳು ಪೂರ್ತಿ ಉರಿಯದೆ ಕಾದು ಹೊಳೆಯುತ್ತವೆ, ಉರಿ ಹಳದಿಯಾಗುತ್ತದೆ. ಅದೇ ಕಣ ಪಾತ್ರೆಯ ತಳಕ್ಕೆ ಮಸಿಯಾಗಿ ಕೂರುತ್ತದೆ. ಹಾಲು ಉಕ್ಕಿ ಬರ್ನರಿನ ತೂತುಗಳು ಮುಚ್ಚಿದಾಗ ಆಗುವುದು ಇದೇ. ಮಸಿ ಕಣ್ಣಿಗೆ ಕಾಣುತ್ತದೆ, ತೊಳೆಯಬಹುದು. ಕಾಣದೆ ಬರುವುದು ಇಂಗಾಲದ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ, ಉಸಿರಾಡಿದರೂ ಆಮ್ಲಜನಕಕ್ಕೆ ಜಾಗ ಇರುವುದಿಲ್ಲ. ಕಿಟಕಿ ಇಲ್ಲದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ, ಬಾಗಿಲು ಹಾಕಿಕೊಂಡು ಸ್ನಾನ ಮಾಡುತ್ತಲೇ ಪ್ರಾಣ ಬಿಟ್ಟವರ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತೇವೆ. ತಲೆಸುತ್ತು ಬಂತು, ಕಾಲಲ್ಲಿ ಬಲ ಹೋಯಿತು ಎನ್ನುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ನಿಮ್ಮ ಮನೆಯಲ್ಲಿ ಹಾಗೆ ಗೀಸರ್ ಇದ್ದರೆ ಅದನ್ನು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಜಾಗಕ್ಕೆ ಹಾಕಿಸಿ.

ಇನ್ನು ಸೋರಿಕೆ. ಗಾಳಿಯ ಸರಾಸರಿ ಅಣುತೂಕ 29. ಮೀಥೇನ್ 16, ಆದ್ದರಿಂದ ಸೋರಿದರೆ ಮೇಲೆ ಹೋಗುತ್ತದೆ. ಪ್ರೊಪೇನ್ 44, ಬ್ಯೂಟೇನ್ 58, ಇವು ನೆಲಕ್ಕೆ ಇಳಿಯುತ್ತವೆ. ಎಲ್‌ಪಿಜಿ ಸೋರಿದರೆ ನೀರು ಚೆಲ್ಲಿದಂತೆ ನೆಲದ ಮೇಲೆ ಹರಡಿ, ತಗ್ಗಿನಲ್ಲಿ, ಮೋರಿಯಲ್ಲಿ, ಮಂಚದ ಕೆಳಗೆ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಹೊತ್ತಿಕೊಳ್ಳಲು ಸಾಕು. ಕೋಣೆಯ ತುಂಬ ಎರಡು ಪಾಲು ಆಗಬೇಕೆಂದಿಲ್ಲ, ನೆಲದ ಮೇಲಿನ ಒಂದಡಿಯಲ್ಲಿ ಆದರೂ ಸಾಕು. ಆಲ್ಕೇನ್‌ಗಳಿಗೆ ಸ್ವಂತ ವಾಸನೆ ಇಲ್ಲದ್ದರಿಂದ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೇಕೆಂದೇ ಬೆರೆಸಿರುತ್ತಾರೆ. ಆ ನಾತ ನಿಮಗೆ ಬರೆದ ಎಚ್ಚರಿಕೆಯ ಪತ್ರ. ಅದು ಮೂಗಿಗೆ ಬಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ಲೈಟಿನ ಬಟನ್ ಹಾಕಲೂ ಬೇಡಿ, ಆರಿಸಲೂ ಬೇಡಿ, ಒಂದು ಕಿಡಿ ಸಾಕು. ದೇವರ ದೀಪ ಉರಿಯುತ್ತಿದ್ದರೆ ಆರಿಸಿ. ಎಲ್ಲರೂ ಹೊರಗೆ ಬಂದು, ಹೊರಗಿನಿಂದಲೇ 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ನಂಬರು.

ಇಷ್ಟೆಲ್ಲ ಅಪಾಯ ಹೇಳಿದ ಮೇಲೆ, ಹಾಗಾದರೆ ನಮ್ಮ ಹಳೆಯ ಕಟ್ಟಿಗೆ ಒಲೆಯೇ ಲೇಸಲ್ಲವೇ ಎಂದು ಯಾರಾದರೂ ಕೇಳಬಹುದು. ನಮ್ಮ ಜಿಲ್ಲೆ ತೊಗರಿಯ ಕಣಜ. ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆ ಹೊಲದಲ್ಲಿ ಪುಕ್ಕಟೆ ಸಿಗುತ್ತದೆ. ಕುಳ್ಳೂ ಮನೆಯಲ್ಲೇ ಆಗುತ್ತದೆ. ಜೋಳದ ರೊಟ್ಟಿ ಕಟ್ಟಿಗೆಯ ಉರಿಯಲ್ಲೇ ಸರಿಯಾಗಿ ಉಬ್ಬುತ್ತದೆ ಎನ್ನುವವರಿದ್ದಾರೆ. ಆದರೆ ಲೆಕ್ಕ ನೋಡಿ. ಒಂದು ಕಿಲೋ ಒಣಗಿದ ಕಟ್ಟಿಗೆಯಲ್ಲಿ ಸುಮಾರು 15 ಮೆಗಾಜೂಲ್ ಶಾಖವಿದೆ. ಮೂರು ಕಲ್ಲಿನ ಒಲೆಯಲ್ಲಿ ಅದರ ಹತ್ತನೇ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ ಎಂದುಕೊಂಡರೆ ಸಿಕ್ಕಿದ್ದು ಒಂದೂವರೆ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 46. ನಮ್ಮ ದೇಶದ ಮಾನದಂಡದ ಪ್ರಕಾರ ಗ್ಯಾಸಿನ ಒಲೆ ನೂರಕ್ಕೆ 68 ಪಾಲಾದರೂ ಪಾತ್ರೆಗೆ ಮುಟ್ಟಿಸಬೇಕು. ಅಂದರೆ 31. ಇಪ್ಪತ್ತು ಪಟ್ಟು ಹೆಚ್ಚು. ಒಂದು ಸಿಲಿಂಡರ್ ಎಂದರೆ ಸುಮಾರು 280 ಕಿಲೋ ಕಟ್ಟಿಗೆ, ತಲೆಯ ಮೇಲೆ ಹೊತ್ತರೆ ಹತ್ತು ಹೊರೆ. ಆ ಹೊರೆ ಯಾರ ತಲೆಯ ಮೇಲಿತ್ತು ಎಂದು ನಾನು ಹೇಳಬೇಕಿಲ್ಲ.

ಹೊಗೆಯ ಕಾರಣವೂ ಅಣುವಿನಲ್ಲೇ ಇದೆ. ಗ್ಯಾಸಿನ ಅಣು ಚಿಕ್ಕದು, ಮೊದಲೇ ಅನಿಲ, ಉರಿಯುವ ಮುಂಚೆಯೇ ಗಾಳಿಯಲ್ಲಿ ಬೆರೆಯುತ್ತದೆ. ಕಟ್ಟಿಗೆ ಮೊದಲು ಕಾಯಬೇಕು, ಒಡೆಯಬೇಕು, ಅನಿಲವಾಗಬೇಕು, ಆಮೇಲೆ ಗಾಳಿ ಹುಡುಕಬೇಕು. ಗಾಳಿ ಸಿಗದೆ ಉಳಿದದ್ದೆಲ್ಲ ಹೊಗೆ. ಊದುಗೊಳವೆ ಹಿಡಿದು ಕೂತವರು ತಮ್ಮ ಉಸಿರನ್ನೇ ಒಲೆಗೆ ಕೊಟ್ಟು, ಬದಲಿಗೆ ಹೊಗೆ ತೆಗೆದುಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ತೀರಿಕೊಂಡರು. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂದಿದೆ. ಆದರೆ ಸಿಲಿಂಡರ್ ಬಂದ ಮನೆಯಲ್ಲೆಲ್ಲ ಒಲೆ ಆರಿಲ್ಲ. ಚಹಾಕ್ಕೆ ಗ್ಯಾಸು, ರೊಟ್ಟಿಗೆ ಕಟ್ಟಿಗೆ. ತಿಂಗಳ ಕೊನೆಗೆ ಕೈಯಲ್ಲಿ ರೊಕ್ಕ ಇಲ್ಲದಿದ್ದರೆ ಎಲ್ಲಕ್ಕೂ ಕಟ್ಟಿಗೆ. ಇದು ರಸಾಯನಶಾಸ್ತ್ರ ಬಿಡಿಸುವ ಲೆಕ್ಕವಲ್ಲ. ಆದರೆ ಮನೆಯ ಖರ್ಚು ಲೆಕ್ಕ ಹಾಕುವಾಗ ಗ್ಯಾಸನ್ನು ಹೆಂಗಸರ ಅನುಕೂಲ ಎಂದು ಬರೆಯದೆ, ಅವರ ಎದೆಗೂಡಿನ ಆರೋಗ್ಯ ಎಂದು ಬರೆಯಿರಿ ಎಂದು ಮನೆಯ ಗಂಡಸರಿಗೆ ಹೇಳಬಲ್ಲೆ.

ಆಲ್ಕೇನ್‌ಗೆ ಎಣ್ಣೆಬಾವಿಯೇ ಬೇಕೆಂದಿಲ್ಲ. ಹದಿನೆಂಟನೇ ಶತಮಾನದಲ್ಲಿ ಇಟಲಿಯ ವೋಲ್ಟಾ ಕೆರೆಯ ಕೆಸರಿನಿಂದ ಏಳುವ ಗುಳ್ಳೆಗಳನ್ನು ಹಿಡಿದು, ಅದು ಉರಿಯುವ ಅನಿಲವೆಂದು ತೋರಿಸಿದ. ಅದೇ ಮೀಥೇನ್. ಗಾಳಿಯಿಲ್ಲದ ಕಡೆ ಸೂಕ್ಷ್ಮಜೀವಿಗಳು ಸಗಣಿಯಿಂದಲೂ ಅದನ್ನು ಮಾಡುತ್ತವೆ, ನಾವು ಗೋಬರ್ ಗ್ಯಾಸು ಎನ್ನುತ್ತೇವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್. ನಮ್ಮ ನಾಡಿನವರು ಇದನ್ನು ಗಟ್ಟಿಯಾಗಿ ಪ್ರಯೋಗ ಮಾಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಎಂಬ ವಿದ್ಯುತ್ ರಸಾಯನಶಾಸ್ತ್ರದ ದೊಡ್ಡ ವಿದ್ವಾಂಸರಿದ್ದರು. ಅವರು 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ಕೇಂದ್ರ ಶುರುಮಾಡಿದರು. ಹೊಗೆ ಕಡಿಮೆ ಮಾಡುವ 'ಅಸ್ತ್ರ ಒಲೆ' ಅಲ್ಲಿಂದಲೇ ಬಂದದ್ದು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರ ತಂಡ ಊರೊಟ್ಟಿನ ಗೋಬರ್ ಗ್ಯಾಸು ಘಟಕ ಕಟ್ಟಿತು. ಮೊದಲ ಯೋಚನೆ ಅಡುಗೆಗೆ ಗ್ಯಾಸು ಕೊಡುವುದಿತ್ತು. ಊರವರಿಗೆ ಅದಕ್ಕಿಂತ ಮುಂಚೆ ಬೇಕಾಗಿದ್ದು ಕುಡಿಯುವ ನೀರು. ಹಾಗಾಗಿ 1987ರಿಂದ ಆ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ಕರೆಂಟು ತೆಗೆದರು. ನೀರು ಮೇಲೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ಸಗಣಿ ಕೊಟ್ಟವರಿಗೆ ಗೊಬ್ಬರ ಮರಳಿ ಹೋಯಿತು. ಮೀಥೇನ್ ಸುಲಭಕ್ಕೆ ದ್ರವವಾಗದು ಎಂದು ಆಗಲೇ ಹೇಳಿದೆನಲ್ಲ, ಅದಕ್ಕೇ ಅದನ್ನು ಹುಟ್ಟಿದ ಊರಿನಲ್ಲೇ ಬಳಸುವುದು ಜಾಣತನ. ವಿಜ್ಞಾನಿಯೊಬ್ಬರು ಊರವರನ್ನು ಕೇಳಿ, ತಮ್ಮ ಯೋಜನೆಯನ್ನೇ ಬದಲಿಸಿದರು ಎಂಬುದನ್ನೂ ಮಕ್ಕಳು ಗಮನಿಸಬೇಕು.

ಕಡೆಯ ಮಾತು ಹೊಣೆಯದು. 14.2 ಕಿಲೋ ಗ್ಯಾಸು ಉರಿದರೆ ಸುಮಾರು 43 ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ. ಹದಿನಾಲ್ಕು ನಲವತ್ತಮೂರು ಆದದ್ದು ಹೇಗೆಂದು ಈಗ ನೀವೇ ಹೇಳಬಲ್ಲಿರಿ, ಉಳಿದದ್ದು ಗಾಳಿಯ ಆಮ್ಲಜನಕ. ಕೋಟಿಗಟ್ಟಲೆ ವರ್ಷ ನೆಲದೊಳಗೆ ಮಲಗಿದ್ದ ಇಂಗಾಲ ಅದು, ಒಮ್ಮೆ ಉರಿದರೆ ನಮ್ಮ ಕಾಲದಲ್ಲಿ ಮತ್ತೆ ತೈಲವಾಗುವುದಿಲ್ಲ. ಆದ್ದರಿಂದ ಮುಚ್ಚಳ ಮುಚ್ಚಿ ಬೇಯಿಸಿ, ಬೇಳೆಯನ್ನು ನೆನೆಹಾಕಿ, ಕುಕ್ಕರ್ ಬಳಸಿ. ನಮ್ಮಷ್ಟು ಬಿಸಿಲು ಇರುವ ಊರಿನಲ್ಲಿ ಸ್ನಾನದ ನೀರನ್ನು ಸೂರ್ಯನೇ ಕಾಯಿಸಿಕೊಡಲಿ, ಆಲ್ಕೇನ್ ರೊಟ್ಟಿಗೆ ಉಳಿಯಲಿ.

ಮಕ್ಕಳೇ, ಇವತ್ತಿನ ಮನೆಗೆಲಸ ಮೂರು. ಒಂದು, ಒಲೆಯ ಉರಿಯ ಬಣ್ಣ ನೋಡಿ, ಹಳದಿ ಇದ್ದರೆ ಬರ್ನರ್ ತೊಳೆಯಲು ತಾಯಿಗೆ ಕೈಜೋಡಿಸಿ. ಎರಡು, ರಬ್ಬರ್ ಕೊಳವೆಯ ಮೇಲಿನ ವರ್ಷ ಓದಿ, ಐದು ವರ್ಷ ದಾಟಿದ್ದರೆ ಬದಲಿಸಲು ಹೇಳಿ. ಮೂರು, ಸಿಲಿಂಡರಿನ ಮೇಲ್ಭಾಗದ ಪಟ್ಟಿಯ ಒಳಬದಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ವರ್ಷವನ್ನು ಹೇಳುತ್ತದೆ. ಆ ಅವಧಿಯೊಳಗೆ ಸಿಲಿಂಡರ್ ಪರೀಕ್ಷೆಗೆ ಹೋಗಬೇಕು. ಅವಧಿ ಮುಗಿದ ಸಿಲಿಂಡರ್ ಬಾಗಿಲಿಗೆ ಬಂದರೆ ಒಳಗೆ ತೆಗೆದುಕೊಳ್ಳಬೇಡಿ.

ಐವತ್ತು ವರ್ಷಗಳಿಂದ ಈ ಶಾಲೆಯಿಂದ ಮಕ್ಕಳು ದಿನವೂ ಸಂಜೆ ಪುಸ್ತಕದ ಚೀಲ ಹೊತ್ತು ಮನೆಗೆ ಹೋಗುತ್ತಿದ್ದಾರೆ. ಆ ಚೀಲದಲ್ಲಿ ಹೋದ ಪಾಠ ಅಡುಗೆಮನೆಯ ಬಾಗಿಲು ದಾಟಿ ಒಳಗೆ ಹೋದರೆ, ಓದದ ತಾಯಿಯೂ ಈ ಶಾಲೆಯ ವಿದ್ಯಾರ್ಥಿನಿಯೇ ಆಗುತ್ತಾಳೆ.